ಕರ್ನಲ್ ಕಾಲಿನ್ ಮೆಕೆಂಜಿ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯು ಆಂಗ್ಲರ ವಶವಾಯಿತು. ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು. ಆ ಮುತ್ತಿಗೆಯಲ್ಲಿ ಪಾಲ್ಗೊಂಡಿದ್ದ ಸೇನಾ ಇಂಜಿನಿಯರುಗಳಲ್ಲಿ ಕಾಲಿನ್ ಮೆಕೆಂಜಿಯೂ ಒಬ್ಬನು. ಕೋಟೆಯನ್ನು ಕೆಡಹಲು ಬಂದವನೇ ಕನ್ನಡ ನಾಡಿನ ಊರೂರುಗಳ ಚರಿತ್ರೆಯನ್ನು ಕೂಡಿಡಲು ಕಾರಣನಾದುದು ವಿಚಿತ್ರವಾದರೂ ನಿಜ.

ಸ್ಕಾಟ್ಲೆಂಡಿಗೆ ಸೇರಿದ ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಆತನು ಕೆಲಕಾಲ ಸುಂಕದ ಕಚೇರಿಯಲ್ಲಿದ್ದು, 1783ರಲ್ಲಿ ಮದರಾಸಿಗೆ ಬಂದು ಕಂಪನಿಯ ಸೈನ್ಯವನ್ನು ಸೇರಿದನು.

ಗೆದ್ದ ನಾಡನ್ನು ಆಳಬೇಕಾದರೆ ಅದರ ಎಲ್ಲೆಕಟ್ಟುಗಳನ್ನು ಅರಿಯಬೇಕಷ್ಟೆ. ಆದುದರಿಂದ ಕಂಪನಿಯು ಮೈಸೂರು ಸೀಮೆಯ ಮೋಜಣಿಯನ್ನು ಮೆಕೆಂಜಿಗೆ ವಹಿಸಿತು. ಸುಮಾರು ಹತ್ತು ವರ್ಷಗಳಲ್ಲಿ 40,000 ಚದರ ಮೈಲಿಗಳಷ್ಟು ಪ್ರದೇಶವು ನಕಾಶೆಗೇರಿತು. ಕಂಪನಿಯು ನಡುವೆಯೇ ವೆಚ್ಚವನ್ನು ಕಡಿತಗೊಳಿಸಿತು; ಕಾಡುಜ್ವರವು ಸಿಬ್ಬಂದಿಯನ್ನು ಕಾಡಿತು. ಆದರೂ ಆತನು ಕೇವಲ ಸರಪಳಿಯಿಂದ ನೆಲವನ್ನು ಅಳೆದು ತೃಪ್ತನಾಗಲಿಲ್ಲ. ಕೆರೆಕಟ್ಟೆ, ಬೆಳೆ, ಗುಡಿ, ಶಾಸನ, ಪಾಳೆಯಗಾರರ ವಂಶಾವಳಿ, ಹಳ್ಳಿಯ ಹಿರಿಯರ ನೆನಪು ಇವೆಲ್ಲವನ್ನೂ ಬರೆಯಿಸಿದನು. ಊರಿನ ಪೂರ್ವವೃತ್ತಾಂತವನ್ನು ತಿಳಿಸುವ ಇಂಥ ಬರಹಗಳೇ ಕೈಫಿಯತ್ತುಗಳು. ಪರದೇಶದ ಅಧಿಕಾರಿಯು ಕಾಗದ ಹಿಡಿದು ಬಂದರೆ ತೆರಿಗೆ ಏರುವುದೆಂದು ಜನರು ಅಂಜುವುದು ಸಹಜವೇ ಆಗಿತ್ತು. ಅವರ ಬಾಯಿ ತೆರೆಯಿಸಲು ಈ ನೆಲದವರೇ ಬೇಕಾಗಿದ್ದರು.

ಮೆಕೆಂಜಿಗೆ ದೇಶಭಾಷೆಗಳು ಬರುತ್ತಿರಲಿಲ್ಲ! ಕಾವಲಿ ವೆಂಕಟ ಬೊರಯ್ಯ, ಆತನ ಸೋದರ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಮೊದಲಾದವರೇ ಆತನಿಗೆ ಕಣ್ಣು ಕಿವಿಗಳಾದರು. ಬೊರಯ್ಯನು 1803ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಹದಿನಾಲ್ಕು ವರ್ಷಗಳ ತರುವಾಯ ಮಿತ್ರನಾದ ಅಲೆಕ್ಸಾಂಡರ್ ಜಾನ್ಸ್‌ಟನ್ನನಿಗೆ ಬರೆದ ಪತ್ರದಲ್ಲಿ, ಭಾರತೀಯ ವಿದ್ಯೆಯ ಬಾಗಿಲನ್ನು ತನಗೆ ಮೊದಲು ತೆರೆದವನು ಆ ಯುವಕನೇ ಎಂದು ಮೆಕೆಂಜಿಯು ಕೃತಜ್ಞತೆಯಿಂದ ಸ್ಮರಿಸಿದ್ದಾನೆ. ಆಳುವವನೊಬ್ಬನು ಇಷ್ಟನ್ನು ಒಪ್ಪಿಕೊಳ್ಳುವುದು ಆ ಕಾಲದಲ್ಲಿ ಅಪರೂಪವೇ ಸರಿ. 1816ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರದಲ್ಲಿಯೂ ಕೆಂಪು ಅಂಗಿಯ ಕರ್ನಲನು ಒಬ್ಬನೇ ನಿಂತಿಲ್ಲ. ಸಹಾಯಕರು ಬಳಿಯಲ್ಲಿದ್ದಾರೆ, ಹಿನ್ನೆಲೆಯಲ್ಲಿ ಗೊಮ್ಮಟನಿದ್ದಾನೆ.

1815ರಲ್ಲಿ ಆತನು ಭಾರತದ ಸರ್ವೇಯರ್ ಜನರಲ್ ಆದನು. ಆದರೆ ಕೂಡಿಸಿದ ರಾಶಿಯನ್ನು ಕ್ರಮಪಡಿಸಿ ಗ್ರಂಥ ಬರೆಯುವ ಆಸೆ ಕೈಗೂಡಲಿಲ್ಲ. ಸ್ವದೇಶಕ್ಕೆ ಮರಳುವುದೂ ಆಗಲಿಲ್ಲ. 1821ರ ಮೇ 8ರಂದು ಕಲ್ಕತ್ತೆಯ ಸಮೀಪದಲ್ಲಿ ನಿಧನನಾದನು. ಕಂಪನಿಯು ಆತನ ಪತ್ನಿಗೆ ಒಂದು ಲಕ್ಷ ರೂಪಾಯಿಗಳನ್ನು ಕೊಟ್ಟು ಸಂಗ್ರಹವನ್ನು ಕೊಂಡಿತು. ಎಚ್. ಎಚ್. ವಿಲ್ಸನ್ನನು 1828ರಲ್ಲಿ ಸಿದ್ಧಪಡಿಸಿದ ಪಟ್ಟಿಯಲ್ಲಿ 1,568 ಹಸ್ತಪ್ರತಿಗಳೂ 8,076 ಶಾಸನಗಳೂ 2,630 ಚಿತ್ರಗಳೂ 79 ನಕ್ಷೆಗಳೂ ಸೇರಿವೆ. ಅವುಗಳಲ್ಲಿ ಕೆಲವು ಲಂಡನ್ನಿಗೆ ಹೋದುವು, ಕೆಲವು ಮದರಾಸಿನಲ್ಲಿ ಉಳಿದುವು. ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾದುವು.