ಕರೂಸೊವಿನ ಕಂಠ

ಶಿಲ್ಪಿ ತೀರಿಕೊಂಡರೂ ಅವನು ಕಡೆದ ಮೂರ್ತಿ ನಿಲ್ಲುತ್ತದೆ. ಕವಿ ಕಣ್ಮರೆಯಾದರೂ ಅವನ ಕಾವ್ಯ ಓಲೆಗರಿಯಲ್ಲಿಯೋ ಪುಸ್ತಕದಲ್ಲಿಯೋ ಉಳಿಯುತ್ತದೆ. ಗಾಯಕನ ಪಾಡು ಬೇರೆ. ಅವನ ಕಲೆ ಅವನ ಉಸಿರಿನೊಡನೆ ಹುಟ್ಟಿ ಉಸಿರಿನೊಡನೆಯೇ ಅಡಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪು ಅಮೆರಿಕಗಳನ್ನು ಮರುಳುಗೊಳಿಸಿದ ಜೆನ್ನಿ ಲಿಂಡ್ ಎಂಬ ಗಾಯಕಿ 1887ರಲ್ಲಿ ತೀರಿಕೊಂಡಳು. ಅವಳನ್ನು ಹೊಗಳಿ ಬರೆದ ಪುಟಗಳು ಬೇಕಾದಷ್ಟಿವೆ. ಅವಳ ಕಂಠದ ಒಂದು ಸ್ವರವೂ ಇಂದು ನಮಗೆ ಕೇಳಸಿಗದು. ಅದಾದ ಹದಿನೈದು ವರ್ಷಗಳ ತರುವಾಯ ಇಟಲಿಯ ತರುಣ ಗಾಯಕನೊಬ್ಬ ಹೋಟೆಲಿನ ಕೋಣೆಯಲ್ಲಿ ತಗಡಿನ ಕಹಳೆಯೊಂದಕ್ಕೆ ಮುಖವೊಡ್ಡಿ ಹಾಡಿದನು. ಅವನ ಹಾಡು ಇಂದಿಗೂ ಕೇಳುತ್ತಿದೆ. ಅವನೇ ಎನ್ರಿಕೊ ಕರೂಸೊ.

ಕರೂಸೊ 1873ರ ಫೆಬ್ರವರಿ 25ರಂದು ನೇಪಲ್ಸ್ ನಗರದ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ತಂದೆ ಕಾರ್ಖಾನೆಯ ಯಂತ್ರಕರ್ಮಿ. ಮಗನೂ ಅದೇ ಕಸುಬಿಗೆ ಇಳಿಯಲೆಂಬುದು ತಂದೆಯ ಬಯಕೆ. ಹುಡುಗ ಹಗಲು ದುಡಿದು, ಬಿಡುವಿನಲ್ಲಿ ಚರ್ಚುಗಳಲ್ಲಿ ಹಾಡುತ್ತಿದ್ದನು. ಹದಿನೈದನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡನು. ಮುಂದೆ ವೆರ್ಜೀನೆ ಎಂಬ ಗುರು ಅವನಿಗೆ ಪಾಠ ಹೇಳಲು ಒಪ್ಪಿದನು. ಆದರೆ ಮುಂದಿನ ಸಂಪಾದನೆಯಲ್ಲಿ ನಾಲ್ಕನೆಯ ಒಂದು ಪಾಲು ತನಗೆ ಸಲ್ಲಬೇಕೆಂದು ಕರಾರು ಬರೆಸಿಕೊಂಡನು. ಐದು ವರ್ಷಗಳ ಅವಧಿಯೆಂದರೆ ನಿಜವಾಗಿ ಹಾಡಿದ ದಿನಗಳನ್ನಷ್ಟೇ ಕೂಡಿಸಿ ಎಣಿಸಿದ ಐದು ವರ್ಷ! ಆ ಲೆಕ್ಕ ತೀರಲು ಅರ್ಧ ಆಯುಷ್ಯವೇ ಬೇಕಾಗುತ್ತಿತ್ತು. ಕಡೆಗೆ ನ್ಯಾಯಾಲಯದ ಮೂಲಕ ಅದು ಇತ್ಯರ್ಥವಾಯಿತು.

ಆಪೆರಾ ಎಂಬುದು ಮಾತಿಗೆ ಬದಲಾಗಿ ಹಾಡಿನಿಂದಲೇ ಕಥೆ ನಡೆಸುವ ನಾಟಕ. ದೊಡ್ಡ ವಾದ್ಯವೃಂದದ ಸದ್ದನ್ನು ಮೀರಿ, ಯಾವ ಯಂತ್ರದ ನೆರವೂ ಇಲ್ಲದೆ, ಕಟ್ಟಕಡೆಯ ಸಾಲಿನವರಿಗೂ ಗಾಯಕನ ದನಿ ಮುಟ್ಟಬೇಕು. ಪುರುಷ ಕಂಠಗಳಲ್ಲಿ ಎತ್ತರದ ಸ್ಥಾಯಿಯದಾದ ಟೆನರ್ ಕಂಠ ಕರೂಸೊವಿನದು. 1895ರಲ್ಲಿ ರಂಗವೇರಿದ ಅವನು 1900ರ ಕೊನೆಗೆ ಮಿಲಾನಿನ ಪ್ರಸಿದ್ಧ ಲಾ ಸ್ಕಾಲಾ ರಂಗಮಂದಿರವನ್ನು ಮುಟ್ಟಿದನು. ಮರುವರ್ಷದ ಕೊನೆಯಲ್ಲಿ ಹುಟ್ಟೂರಿನಲ್ಲಿ ಹಾಡಿದಾಗ ಮಾತ್ರ ಅಲ್ಲಿನ ವಿಮರ್ಶಕರು ಅವನನ್ನು ಹೀಗಳೆದರು. ನೊಂದ ಕರೂಸೊ ಇನ್ನೆಂದೂ ನೇಪಲ್ಸಿನಲ್ಲಿ ಹಾಡುವುದಿಲ್ಲವೆಂದು ನಿಶ್ಚಯಿಸಿ, ಬದುಕಿರುವವರೆಗೂ ಅದನ್ನು ನಡೆಸಿದನು. ಆ ಊರಿನವರು ಮುಂದೆ ತಮ್ಮ ಗಾಯಕನನ್ನು ತಮ್ಮ ಊರಿನಲ್ಲಿ ಕೇಳಿದ್ದು ಧ್ವನಿಮುದ್ರಿಕೆಗಳಲ್ಲಿ ಮಾತ್ರ.

ಆ ಧ್ವನಿಮುದ್ರಿಕೆಗಳ ಕಥೆ ಮೊದಲಾಗುವುದು 1902ರ ಏಪ್ರಿಲ್ ತಿಂಗಳಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮಿಲಾನಿನಲ್ಲಿ ಕರೂಸೊವಿನ ಹಾಡು ಕೇಳಿ ಬೆರಗಾದನು. ಹತ್ತು ಹಾಡುಗಳಿಗೆ ನೂರು ಪೌಂಡು ಕೊಡಬೇಕೆಂದು ಕರೂಸೊ ಕೇಳಿದನು. ಇದು ವಿಪರೀತವೆಂದೂ ಮುದ್ರಿಸಕೂಡದೆಂದೂ ಲಂಡನ್ನಿನಿಂದ ತಂತಿ ಬಂತು. ಗೈಸ್‌ಬರ್ಗ್ ಅದನ್ನು ಬದಿಗಿಟ್ಟು ತನ್ನ ಹೊಣೆಯ ಮೇಲೆಯೇ ಕೆಲಸ ನಡೆಸಿದನು. ಆಜ್ಞೆಯನ್ನು ಮೀರಿದ ಆ ನೌಕರನಿಗೆ ಸಂಗೀತಲೋಕ ಋಣಿಯಾಗಿದೆ. ಅದೇ ವರ್ಷದ ಕೊನೆಯಲ್ಲಿ ಅವನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡನೆಂಬುದನ್ನು ನಾವು ಇಲ್ಲಿ ನೆನೆಯಬಹುದು.

ಆಗ ಧ್ವನಿಮುದ್ರಣಕ್ಕೆ ಮೈಕ್ರೊಫೋನು ಬಳಕೆಯಲ್ಲಿರಲಿಲ್ಲ. ಗಾಯಕನ ದನಿ ಕಹಳೆಯೊಳಗೆ ನುಗ್ಗಿ ತೆಳುವಾದ ಪೊರೆಯನ್ನು ಕಂಪಿಸುತ್ತಿತ್ತು. ಪೊರೆಗೆ ಜೋಡಿಸಿದ ಮೊಳೆ ತಿರುಗುವ ಮೇಣದ ಬಿಲ್ಲೆಯ ಮೇಲೆ ಗೀರು ಕೊರೆಯುತ್ತಿತ್ತು. ಆ ಗೀರೇ ಹಾಡು. ಪಿಟೀಲಿನ ನವುರಾದ ನಾದ ಕಹಳೆಗೆ ಸರಿಯಾಗಿ ಸಿಗುತ್ತಿರಲಿಲ್ಲ. ಕರೂಸೊವಿನ ತುಂಬುಗಂಠ ಚೆನ್ನಾಗಿ ಸಿಕ್ಕಿತು. ಆಟಿಕೆಯೆಂದು ಅನೇಕರು ಹಗುರವಾಗಿ ಕಾಣುತ್ತಿದ್ದ ಯಂತ್ರಕ್ಕೆ ಅವನಿಂದ ಗೌರವ ಬಂತು. ಅವನ ಹೆಸರು ಆ ಯಂತ್ರದಿಂದ ದೇಶದೇಶಗಳಿಗೆ ಹಬ್ಬಿತು. 1903ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾವನ್ನು ಸೇರಿದ ಅವನು ಆ ಸಂಸ್ಥೆಗಾಗಿ ಎಂಟುನೂರಕ್ಕೂ ಹೆಚ್ಚು ಸಲ ಹಾಡಿದನು. 1904ರಿಂದ ಅಮೆರಿಕದ ವಿಕ್ಟರ್ ಕಂಪನಿಗಾಗಿ ಇನ್ನೂರಕ್ಕೂ ಹೆಚ್ಚು ಮುದ್ರಿಕೆಗಳನ್ನು ಮಾಡಿದನು.

1920ರ ಸೆಪ್ಟೆಂಬರಿನಲ್ಲಿ ಅವನು ಕಹಳೆಯ ಮುಂದೆ ನಿಂತದ್ದೇ ಕೊನೆ. ಡಿಸೆಂಬರ್ 11ರಂದು ಬ್ರೂಕ್ಲಿನ್ನಿನಲ್ಲಿ ಹಾಡುತ್ತಿರುವಾಗಲೇ ಬಾಯಿಂದ ರಕ್ತ ಬಂತು. ಅದೇ ತಿಂಗಳ 24ರಂದು ನೋವನ್ನು ನುಂಗಿಕೊಂಡು ಕಡೆಯ ಬಾರಿ ರಂಗದ ಮೇಲೆ ಹಾಡಿದನು. ಹಲವು ಶಸ್ತ್ರಚಿಕಿತ್ಸೆಗಳಾದ ಮೇಲೆ ಇಟಲಿಗೆ ಮರಳಿ, 1921ರ ಆಗಸ್ಟ್ 2ರಂದು ನೇಪಲ್ಸಿನಲ್ಲಿ ತೀರಿಕೊಂಡನು. ಆಗ ಅವನಿಗೆ ನಲವತ್ತೆಂಟೇ ವರ್ಷ. ಅಭಿಮಾನದ ಭರದಲ್ಲಿ ಅವನ ದೇಹವನ್ನು ಕೆಡದಂತೆ ಕಾಪಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಜನರ ನೋಟಕ್ಕೆ ಇರಿಸಿದರು. ಹೆಂಡತಿ ಡೊರೊತಿ ಇದನ್ನು ಸಹಿಸದೆ ಹೋದಳು. ಅವಳ ಒತ್ತಾಯದಿಂದ ಕೆಲವು ವರ್ಷಗಳ ತರುವಾಯ ಅದನ್ನು ಮುಚ್ಚಲಾಯಿತು.

ಕಾಪಾಡಬೇಕಾದುದು ಬೇರೆಯೇ ಇತ್ತು. ಕರೂಸೊ ಪತ್ರಿಕೆಗಳ ತುಣುಕುಗಳನ್ನು ಕತ್ತರಿಸಿ ಪುಸ್ತಕಗಳಲ್ಲಿ ಅಂಟಿಸುತ್ತಿದ್ದನು, ಖರ್ಚುವೆಚ್ಚಗಳನ್ನು ಬರೆದಿಡುತ್ತಿದ್ದನು, ತನ್ನನ್ನೂ ಗೆಳೆಯರನ್ನೂ ಗೇಲಿಮಾಡುವ ವ್ಯಂಗ್ಯಚಿತ್ರಗಳನ್ನು ಸೊಗಸಾಗಿ ಬಿಡಿಸುತ್ತಿದ್ದನು. ಪ್ರವಾಸದಲ್ಲಿದ್ದಾಗ ತನ್ನ ತೊದಲು ಇಂಗ್ಲಿಷಿನಲ್ಲಿ ಹೆಂಡತಿಗೆ ಕಾಗದ ಬರೆಯುತ್ತಿದ್ದನು. ಡೊರೊತಿ ಆ ಕಾಗದಗಳನ್ನು ಜೋಪಾನಮಾಡಿ, 1945ರಲ್ಲಿ ಪ್ರಕಟಿಸಿದ ಅವನ ಜೀವನಚರಿತ್ರೆಯಲ್ಲಿ ತಪ್ಪುಗಳನ್ನು ತಿದ್ದದೆಯೇ ಅಚ್ಚುಹಾಕಿಸಿದಳು. ಕೀರ್ತಿಯ ನಡುವೆಯೂ ಪ್ರತಿ ಸಂಜೆ ಅಂಜಿಕೆಯಿಂದಲೇ ರಂಗವೇರುತ್ತಿದ್ದ ಮನುಷ್ಯ ನಮಗೆ ಕಾಣಸಿಗುವುದು ಇಂಥ ಕಾಗದಪತ್ರಗಳಲ್ಲಿ. ಬಾಲ್ಟಿಮೋರಿನ ಪೀಬಡಿ ಸಂಗೀತ ವಿದ್ಯಾಲಯದ ದಾಖಲೆಶಾಲೆಯಲ್ಲಿ ಅವನಿಗೆ ಸಂಬಂಧಿಸಿದ ಸಂಗ್ರಹವಿದೆ. ಫ್ಲಾರೆನ್ಸಿನ ಸಮೀಪದಲ್ಲಿ ಅವನು ಕೊಂಡಿದ್ದ ಬಂಗಲೆ 2012ರಿಂದ ವಸ್ತುಸಂಗ್ರಹಾಲಯವಾಗಿದೆ.

ಧ್ವನಿಮುದ್ರಿಕೆಗಳನ್ನು ಕೈಗೆತ್ತಿಕೊಂಡವರು ಬಗೆಬಗೆಯಾಗಿ ದುಡಿದರು. 1932ರಲ್ಲಿ ಹಳೆಯ ಹಾಡಿಗೆ ಹೊಸ ವಾದ್ಯವೃಂದವನ್ನು ಕೂಡಿಸಿದರು. ಮೂಲಕ್ಕೆ ಬಣ್ಣ ಬಳಿದಂಥ ಆ ಕೆಲಸ ಎಲ್ಲರಿಗೂ ಮೆಚ್ಚಿಗೆಯಾಗಲಿಲ್ಲ. 1976ರ ವೇಳೆಗೆ ತಾಮಸ್ ಸ್ಟಾಕ್‌ಹ್ಯಾಮ್ ಎಂಬ ವಿಜ್ಞಾನಿ ಕಂಪ್ಯೂಟರಿನ ನೆರವಿನಿಂದ, ಕಹಳೆ ತಾನಾಗಿ ಸೇರಿಸಿದ್ದ ಮೊಳಗನ್ನು ಲೆಕ್ಕಹಾಕಿ ಕಳೆದು, ಕಂಠವನ್ನು ಬೇರ್ಪಡಿಸಿದನು. 1907ರಲ್ಲಿ ಮುದ್ರಿತವಾದ ಅವನ ಒಂದು ಹಾಡು 2002ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಯನ್ನು ಸೇರಿತು.

ಇಷ್ಟಾದರೂ ತಟ್ಟೆಯೊಂದೇ ಸಾಲದು. ಆ ಕಾಲದ ಬಿಲ್ಲೆಗಳು ಒಂದೇ ವೇಗದಲ್ಲಿ ತಿರುಗುತ್ತಿರಲಿಲ್ಲ. ನಿಮಿಷಕ್ಕೆ ನಾಲ್ಕೈದು ಸುತ್ತು ಹೆಚ್ಚಾಗಿ ತಿರುಗಿಸಿದರೆ ಶ್ರುತಿ ಅರ್ಧ ಸ್ವರದಷ್ಟು ಏರಿ, ಕೇಳುವುದು ಕರೂಸೊವಿನ ಕಂಠವೇ ಆಗಿರುವುದಿಲ್ಲ. ಸರಿಯಾದ ವೇಗವನ್ನು ಗೊತ್ತುಮಾಡಲು ಮೂಲ ಸ್ವರಲಿಪಿಯನ್ನು ನೋಡಬೇಕು. ಯಾವ ದಿನ, ಯಾವ ಹಾಡನ್ನು ಎಷ್ಟನೆಯ ಸಲ ಹಾಡಿದನೆಂದು ತಿಳಿಯಲು ವಿಕ್ಟರ್ ಕಂಪನಿಯ ದಿನವಹಿಗಳನ್ನು ತೆರೆಯಬೇಕು. ಆ ವಹಿಗಳಲ್ಲಿ ಕರೂಸೊ ಹಾಡಿಯೂ ಬಿಡುಗಡೆಯಾಗದ ಹಾಡುಗಳು ದಾಖಲಾಗಿವೆ. ಒಪ್ಪಿಗೆಯಾಗದ ಅಚ್ಚುಗಳನ್ನು ನಾಶಮಾಡುವುದು ಆಗಿನ ರೂಢಿ. ಅವುಗಳಲ್ಲಿ ಹಲವಕ್ಕೆ ತಾರೀಖು ಉಳಿದಿದೆ, ಸಂಖ್ಯೆ ಉಳಿದಿದೆ, ಹಾಡು ಉಳಿದಿಲ್ಲ.