ಗುಂಡರ್ಟ್ ಸಾಹೇಬರ ಮನೆವಾರ್ತೆ

ಹೆರ್ಮನ್ ಗುಂಡರ್ಟ್ ಸಾಹೇಬರ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರುವಿರಿ. ಅವರು ಮಲಯಾಳ ಭಾಷೆಗೆ ವ್ಯಾಕರಣವನ್ನು ಬರೆದವರು. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ದೊಡ್ಡ ಮಲಯಾಳ ನಿಘಂಟನ್ನು ರಚಿಸಿದವರು. ಅವರ ಪಾಂಡಿತ್ಯವನ್ನು ಕುರಿತು ಬರೆದವರು ಬಹು ಮಂದಿ. ಅವರ ಮನೆಯೊಳಗಿನ ಸಂಗತಿಯನ್ನು ಹೇಳಿದವರು ಕಡಿಮೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಎಷ್ಟೋ ಮನೆಗಳಿಂದ ಎಳೆಯ ಗಂಡುಮಕ್ಕಳು ಮುಂಬಯಿಯ ಹೋಟೆಲುಗಳಿಗೆ ದುಡಿಯಲು ಹೋದ ಕಾಲವು ಹಿರಿಯರ ನೆನಪಿನಲ್ಲಿ ಉಂಟಲ್ಲವೇ? ಟಪಾಲಿನವನ ದಾರಿಯನ್ನು ನೋಡುತ್ತಾ ಜಗಲಿಯಲ್ಲಿ ಕೂತ ತಾಯಂದಿರಿಗೆ ಈ ಚರಿತ್ರೆಯು ಪರಕೀಯವಾಗಿ ತೋರದು.

ಸಾಹೇಬರು 1814ನೇ ಫೆಬ್ರವರಿ 4ರಲ್ಲಿ ಜರ್ಮನ್ ಶೀಮೆಯ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಹುಟ್ಟಿ, ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿ ಪದವಿಯನ್ನು ಹೊಂದಿದರು. ಗ್ರೋವ್ಸ್ ಎಂಬ ಆಂಗ್ಲ ಮಿಶನೆರಿಯ ಮಕ್ಕಳಿಗೆ ಉಪಾಧ್ಯಾಯರಾಗಿ 1836ರಲ್ಲಿ ಮದ್ರಾಸಿಗೆ ಬಂದಿಳಿದರು. ಅದೇ ಗುಂಪಿನಲ್ಲಿ ಸ್ವಿಟ್ಜರ್ಲೆಂಡಿನ ಜೂಲಿ ದ್ಯುಬುವಾ ಎಂಬ ಕನ್ಯೆಯೂ ಇದ್ದರು. ಆಕೆ ಸಾಹೇಬರಿಗಿಂತ ನಾಲ್ಕು ವರುಷಕ್ಕೆ ಹಿರಿಯರು, ಮಾತೃಭಾಷೆ ಫ್ರೆಂಚ್. 1838ನೇ ಜುಲೈಯಲ್ಲಿ ಚಿತ್ತೂರಿನಲ್ಲಿ ಇವರಿಗೆ ವಿವಾಹವಾಯಿತು. ಬಾಸೆಲ್ ಮಿಶನಿನ ಬೋಧಕರು ಆಗ ಆಡಳಿತ ಕಮಿಟಿಯ ಅಪ್ಪಣೆಯಿಲ್ಲದೆ ಮದುವೆಯಾಗುವ ಹಾಗಿರಲಿಲ್ಲ. ಎಷ್ಟೋ ಮಂದಿ ಮುಖವನ್ನೇ ಅರಿಯದ ವಧುವನ್ನು ಹಡಗಿನಿಂದ ಇಳಿಸಿಕೊಂಡರು. ಗುಂಡರ್ಟ್ ದಂಪತಿಗಳು ಮದುವೆಯಾದ ಮೇಲೆಯೇ ಆ ಮಿಶನನ್ನು ಸೇರಿದ್ದರಿಂದ ಈ ಕಟ್ಟಿನಿಂದ ತಪ್ಪಿಕೊಂಡರು.

ಅದೇ ವರುಷ ಅವರು ಮಂಗಳೂರಿಗೆ ಬಂದರು. 1839ರಲ್ಲಿ ತಲಚೇರಿಯ ಇಲ್ಲಿಕುನ್ನು ಎಂಬ ಗುಡ್ಡದ ಮೇಲೆ, ಸ್ಟ್ರೇಂಜ್ ಎಂಬ ನ್ಯಾಯಾಧಿಪತಿಯು ಕೊಟ್ಟ ಬಂಗಲೆಯಲ್ಲಿ ಸಂಸಾರವನ್ನು ಹೂಡಿದರು. ಸಾಹೇಬರು ಓಲೆಗರಿಗಳನ್ನು ಕೂಡಿಸುತ್ತಾ, ಬೀದಿಯವರ ಮಾತನ್ನು ಬರೆದುಕೊಳ್ಳುತ್ತಾ, ಹಳ್ಳಿಗಳನ್ನು ಸುತ್ತುತ್ತಾ ಇರುವಾಗ ಜೂಲಿ ಅಮ್ಮನವರು ಮನೆಯಲ್ಲಿಯೇ ಹೆಣ್ಣುಮಕ್ಕಳ ಶಾಲೆಯನ್ನು ತೆರೆದರು. ಅದು ಹಗಲಿಗೆ ಬಂದು ಹೋಗುವ ಶಾಲೆಯಲ್ಲ. ಹುಡುಗಿಯರು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಓದನ್ನೂ ಹೊಲಿಗೆಯನ್ನೂ ಕಲಿಯುತ್ತಿದ್ದರು. ಹೆಣ್ಣು ಅಕ್ಷರ ಕಲಿತರೆ ಮನೆ ಕೆಡುವದೆಂದು ಜನರು ತಿಳಿದಿದ್ದ ದಿನಗಳವು. ಅಕ್ಕಿ, ಬಟ್ಟೆ, ಜ್ವರ, ಜಗಳ, ಕಡೆಗೆ ಆ ಹುಡುಗಿಯರ ಮದುವೆ ಮಾತುಕತೆ, ಎಲ್ಲವೂ ಅಮ್ಮನವರ ಪಾಲಿಗೇ. ಸಾಹೇಬರ ಪುಸ್ತಕಗಳ ಹಿಂದೆ ಈ ಕೆಲಸವು ಇತ್ತೆಂಬದನ್ನು ಪುಸ್ತಕಗಳನ್ನು ಹೊಗಳುವವರು ಮರೆಯುತ್ತಾರೆ.

ಅವರ ಸ್ವಂತ ಮಕ್ಕಳೂ ಆ ಬಂಗಲೆಯಲ್ಲೇ ಹುಟ್ಟತೊಡಗಿದರು. ಮೊದಲು ಹೆರ್ಮನ್, ಅನಂತರ ಸಾಮುವೇಲ್, 1842ನೇ ಅಕ್ಟೋಬರ್ 18ರಲ್ಲಿ ಮಗಳು ಮರಿಯ. 1845ರಲ್ಲಿ ಕುಟುಂಬವು ಶೀಮೆಗೆ ಹೋಯಿತು. ಮರುವರುಷ ತಂದೆತಾಯಿಗಳು ಮಲಬಾರಿಗೆ ಹೊರಟಾಗ ಹಿರಿಯ ಮಕ್ಕಳನ್ನು ಅಲ್ಲಿಯೇ ಬಿಟ್ಟು ಬಂದರು. ಮರಿಯಳಿಗೆ ಆಗ ಸುಮಾರು ನಾಲ್ಕು ವರುಷ.

ಹೀಗೆ ಮಾಡಿದವರು ಇವರೊಬ್ಬರೇ ಅಲ್ಲ. ಇಲ್ಲಿಯ ಜ್ವರ, ಅತಿಸಾರಗಳು ಬೋಧಕರ ಮಕ್ಕಳನ್ನು ಬಹಳವಾಗಿ ಕೊಂದವು. ಯುರೋಪಿನ ಕ್ರಮದ ಶಾಲೆಯೂ ಇರಲಿಲ್ಲ. ಮುಂದೆ ಯೋಸೆನ್‌ಹಾನ್ಸ್ ಎಂಬ ಮೇಲ್ವಿಚಾರಕರ ಕಾಲದಲ್ಲಿ, 1853ರಲ್ಲಿ, ಮಿಶನ್ ಇದನ್ನು ಕಟ್ಟಳೆಯಾಗಿ ಮಾಡಿ ಬಾಸೆಲಿನಲ್ಲಿ ಅಂಥ ಮಕ್ಕಳಿಗೆ ಮನೆಗಳನ್ನು ಏರ್ಪಡಿಸಿತು. ಇನ್ನೊಂದು ಕಾರಣವೂ ಇತ್ತು. ಅದನ್ನು ಮುಚ್ಚಿಡುವದು ಸರಿಯಲ್ಲ. ಈ ನಾಡಿನ ಮಕ್ಕಳ ಸಂಗಡ ಬೆಳೆದರೆ ತಮ್ಮ ಮಕ್ಕಳ ನಡತೆ ಕೆಡುವದೆಂಬ ಭಯ. ಒಂದೇ ರೊಟ್ಟಿಯಲ್ಲಿ ಪಾಲು ಹೊಂದಿದ ನಮ್ಮ ಅಜ್ಜಂದಿರ ಮಕ್ಕಳು ಅಂಗಳದ ಆಟಕ್ಕೆ ಯೋಗ್ಯರಲ್ಲವೆಂದು ಎಣಿಸಿದ್ದು ನಮಗೆ ನೋವಾಗತಕ್ಕ ಮಾತೇ. ಆದರೂ ಆ ಭಯದ ಬೆಲೆಯನ್ನು ತೆತ್ತವರು ಅವರ ಸ್ವಂತ ಮಕ್ಕಳು.

ಕಾಗದ ಹೋಗಿ ಉತ್ತರ ಬರಲು ತಿಂಗಳುಗಳು ಹಿಡಿಯುತ್ತಿದ್ದವು. ಮಗುವಿಗೆ ಜ್ವರವೆಂದು ತಾಯಿ ಓದುವ ಹೊತ್ತಿಗೆ ಮಗು ಎದ್ದು ಆಡುತ್ತಿರಬಹುದು. ಇಲ್ಲವೆ ಮಣ್ಣಿನಲ್ಲಿ ಇರಬಹುದು. ಮರಿಯಳು ಬಾಸೆಲಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದು, ಬಳಿಕ ತಾಯಿಯ ಸ್ವದೇಶದ ಕಠಿಣವಾದ ಒಂದು ಹೆಣ್ಣುಶಾಲೆಯಲ್ಲಿ ಓದಿದಳು. ಅತ್ತ ಮಲಬಾರಿನಲ್ಲಿ ಜೂಲಿ ಅಮ್ಮನವರು ದಿನಾಲು ಬೇರೆಯವರ ಹೆಣ್ಣುಮಕ್ಕಳಿಗೆ ತಾಯಿಯಾಗಿದ್ದರು. ಹನ್ನೊಂದು ವರುಷಗಳು ಹೀಗೆಯೇ ಕಳೆದವು.

1857ರಲ್ಲಿ ಹದಿನೈದು ವರುಷದ ಮರಿಯಳು ಹಡಗು ಹತ್ತಿ ಹಿಂದೂದೇಶಕ್ಕೆ ಬಂದಳು. ಬರುವ ದಾರಿಯಲ್ಲಿ ಒಬ್ಬ ಆಂಗ್ಲ ಯುವಕನಲ್ಲಿ ಪ್ರೀತಿಯುಂಟಾಯಿತು. ಅವನು ಕ್ರಮವಾಗಿ ತಂದೆಗೆ ಬರೆದು ಕನ್ಯೆಯನ್ನು ಕೇಳಿದನು. ತಂದೆಯವರು ಒಪ್ಪಲಿಲ್ಲ, ಒಪ್ಪಲಿಲ್ಲವೆಂಬದನ್ನು ಮಗಳಿಗೆ ತಿಳಿಸಲೂ ಇಲ್ಲ. ಅವಳು ಬಾರದ ಕಾಗದಕ್ಕಾಗಿ ಕಾಯುತ್ತಿದ್ದಳು. ಬೇಡವೆನ್ನುವದಕ್ಕೆ ತಂದೆಗೆ ಅಧಿಕಾರವಿದ್ದಿರಬಹುದು. ಆದರೆ ಹನ್ನೊಂದು ವರುಷ ದೂರವಿಟ್ಟ ಮಗಳಿಗೆ ಒಂದು ಮಾತು ಹೇಳುವ ಸಾಲವು ಆ ಅಧಿಕಾರದ ಮೇಲೆಯೇ ಇತ್ತು ಎಂದು ನನಗೆ ತೋರುತ್ತದೆ.

ಆ ವರುಷವೇ ಸರಕಾರವು ಸಾಹೇಬರನ್ನು ಮಲಬಾರು ಮತ್ತು ಕನ್ನಡ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿತು. ನಮ್ಮ ಕುಂದಾಪುರವೂ ಆಗ ಅದೇ ಕನ್ನಡ ಜಿಲ್ಲೆಗೆ ಸೇರಿತ್ತು. ಮಂಗಳೂರಿನಿಂದ ಬಡಗಲಿಗೆ ಹೋಗುವವರು ಸ್ವರ್ಣಾ, ಸೀತಾ, ಗಂಗೊಳ್ಳಿ ಹೊಳೆಗಳನ್ನು ದೋಣಿಯಲ್ಲಿ ದಾಟಬೇಕಾದ ಕಾಲವದು. ಮಗಳು ಮನೆಗೆ ಬಂದಾಗ ತಂದೆಗೆ ಸಂಚಾರದ ಉದ್ಯೋಗ! ಅವಳು ತಾಯಿಗೆ ಶಾಲೆಯ ಕೆಲಸದಲ್ಲಿ ಸಹಾಯ ಮಾಡುತ್ತಾ, ಇಲ್ಲಿಯ ಭಾಷೆಯನ್ನು ಮತ್ತೆ ಕಲಿತಳು. ಆದರೆ 1859ರಲ್ಲಿ ಸಾಹೇಬರ ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಹೋಗಬೇಕಾಯಿತು. ಮರುವರುಷ ಮಡದಿಯೂ ಹೋಗಿ ಅವರನ್ನು ಕೂಡಿದರು. ಮುಂದೆ ಸಾಹೇಬರು ಕಾಲ್ವ್ ಎಂಬ ಚಿಕ್ಕ ಪಟ್ಟಣದ ಪುಸ್ತಕ ಪ್ರಕಟಣೆಯ ಸಂಘವನ್ನು ನಡಿಸಿದರು. ಅಲ್ಲಿಯೇ ನಿಘಂಟನ್ನು ಮುಗಿಸಿದರು. ಮಂಗಳೂರಿನ ಮೇಗ್ಲಿಂಗ್ ಸಾಹೇಬರ ಜೀವಚರಿತ್ರೆಯನ್ನೂ 1882ರಲ್ಲಿ ಪ್ರಕಟಿಸಿದರು. ಜೂಲಿ ಅಮ್ಮನವರು 1885ರಲ್ಲಿಯೂ ಸಾಹೇಬರು 1893ನೇ ಎಪ್ರಿಲ್ 25ರಲ್ಲಿಯೂ ನಿದ್ರೆಹೋದರು.

ಮರಿಯಳು 1865ರಲ್ಲಿ ಚಾರ್ಲ್ಸ್ ಈಸೆನ್‌ಬರ್ಗ್ ಎಂಬ ಮಿಶನೆರಿಯನ್ನು ಮದುವೆಯಾಗಿ ಸಿಂಧ್ ದೇಶದ ಹೈದರಾಬಾದಿನಲ್ಲಿ ಸಂಸಾರ ಮಾಡಿದಳು. 1870ರಲ್ಲಿ ಗಂಡನು ತೀರಿಕೊಂಡನು. ಎರಡು ಗಂಡುಕೂಸುಗಳನ್ನು ಕಟ್ಟಿಕೊಂಡು ತಂದೆಯ ಬಳಿಗೆ ಬಂದಳು. ಅಲ್ಲಿಗೆ ಸಾಹೇಬರ ಸಹಾಯಕರಾಗಿ ಬಂದ ಯೋಹಾನ್ನೆಸ್ ಹೆಸ್ಸೆ ಎಂಬವರೂ ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಶನಿನ ಸೇವೆಯಲ್ಲಿದ್ದು ಅಸ್ವಸ್ಥರಾಗಿ ಹಿಂತಿರುಗಿದವರೇ. 1874ರಲ್ಲಿ ಅವರಿಬ್ಬರಿಗೆ ವಿವಾಹವಾಯಿತು. 1877ರಲ್ಲಿ ಹುಟ್ಟಿದ ಅವರ ಮಗನಿಗೆ ಅಜ್ಜನ ಹೆಸರಾದ ಹೆರ್ಮನ್ ಎಂಬದನ್ನೇ ಇಟ್ಟರು. 1884ರಲ್ಲಿ ಕುಟುಂಬವು ಬಾಸೆಲಿನಲ್ಲಿದ್ದಾಗ, ಬಹಳ ತುಂಟನಾದ ಈ ಹುಡುಗನನ್ನು ಮಿಶನಿನ ಗಂಡುಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಇರಿಸಿದರು. ಅದೇ ಊರಿನಲ್ಲಿ ತಾಯಿಯನ್ನು ಬಿಟ್ಟಿದ್ದ ಮರಿಯಳು ಈಗ ಮಗನನ್ನು ಆದಿತ್ಯವಾರಗಳಲ್ಲಿ ಕಾಣುತ್ತಿದ್ದಳು.

ಈ ಹುಡುಗನೇ ಮುಂದೆ ಸಿದ್ಧಾರ್ಥ ಎಂಬ ಕಥೆಯನ್ನು ಬರೆದು, 1946ರಲ್ಲಿ ನೋಬೆಲ್ ಬಹುಮಾನವನ್ನು ಹೊಂದಿದ ಹೆರ್ಮನ್ ಹೆಸ್ಸೆ. ಅಜ್ಜನೂ ತಾಯಿಯೂ ಆಡಿದ ಈ ನಾಡಿನ ಮಾತುಗಳು ಅವನ ಕಿವಿಯಲ್ಲಿ ಉಳಿದಿದ್ದವು. ತಾಯಿಯು 1902ರಲ್ಲಿ ತೀರಿಕೊಂಡಿದ್ದಳು. 1911ರಲ್ಲಿ ಅವನು ಪೂರ್ವದೇಶಗಳಿಗೆ ಹಡಗು ಹತ್ತಿ ಸಿಂಹಳ, ಸುಮಾತ್ರಗಳ ವರೆಗೆ ಬಂದನು. ತಲಚೇರಿಯ ಗುಡ್ಡವನ್ನು ಕಾಣದೆ ಹಾಗೆಯೇ ಹಿಂತಿರುಗಿದನು.