ಫ್ಯಾರಡೆ ಕಂಡದ್ದು, ಕೊಲಡಾನ್ ಕಾಣದ್ದು

ಲ್ಯಾಬಿನಲ್ಲಿ ಟ್ರಾನ್ಸ್‌ಫಾರ್ಮರ್ ಪ್ರಯೋಗಕ್ಕೆ ನಿಲ್ಲುವ ಮೊದಲೇ ರೀಡಿಂಗ್ ಎಷ್ಟು ಬರಬೇಕು ಅಂತ ನಾವು ಸೀನಿಯರ್‌ಗಳ ರೆಕಾರ್ಡ್ ನೋಡಿಕೊಂಡಿರುತ್ತೇವೆ. ಸುಳ್ಳು ಯಾಕೆ ಹೇಳೋಣ! ಹಾಗಾಗಿಯೇ ಆ ಟ್ರಾನ್ಸ್‌ಫಾರ್ಮರಿನ ಮುತ್ತಜ್ಜನನ್ನು ಮಾಡಿದ ಮೈಕೆಲ್ ಫ್ಯಾರಡೆಯ ಕಥೆ ನಮ್ಮನ್ನು ಸ್ವಲ್ಪ ಚುಚ್ಚುತ್ತದೆ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ಪಕ್ಕದ ನ್ಯೂಯಿಂಗ್ಟನ್‌ನಲ್ಲಿ. ಅಪ್ಪ ಕಮ್ಮಾರ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟೇ. ಹದಿನಾಲ್ಕಕ್ಕೆ ಬುಕ್ ಬೈಂಡಿಂಗ್ ಕಲಿಯಲು ಸೇರಿದ. ಏಳು ವರ್ಷ ಅದೇ ಕೆಲಸ. ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತಿದ್ದ. ಬ್ರಿಟಾನಿಕಾದಲ್ಲಿ ವಿದ್ಯುತ್ತಿನ ಬಗ್ಗೆ ಓದಿ, ಕೈಗೆ ಸಿಕ್ಕ ಸಾಮಾನಿನಲ್ಲೇ ಮಾಡಿ ನೋಡಿದ. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋದ. ಬರೆದುಕೊಂಡ ಟಿಪ್ಪಣಿಗಳನ್ನು ತಾನೇ ಬೈಂಡ್ ಮಾಡಿ ಡೇವಿಗೇ ಕಳಿಸಿದ. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್, ತಂತಿಯಲ್ಲಿ ಕರೆಂಟ್ ಹರಿದರೆ ಪಕ್ಕದ ಕಾಂತಸೂಜಿ ತಿರುಗುತ್ತದೆ ಎಂದು ತೋರಿಸಿದ. ಹಾಗಾದರೆ ಕಾಂತದಿಂದ ಕರೆಂಟ್ ಬರಬೇಕಲ್ಲ? ಇದು ಫ್ಯಾರಡೆಗೆ ಮಾತ್ರ ಹೊಳೆದ ಪ್ರಶ್ನೆಯಲ್ಲ, ಯುರೋಪಿನಲ್ಲಿ ಹಲವರ ತಲೆಯಲ್ಲಿತ್ತು. ಆಂಪಿಯರ್ 1822ರಲ್ಲೇ ಅದರ ಸುಳಿವು ಕಂಡಿದ್ದ, ಆದರೆ ತನ್ನ ಸಿದ್ಧಾಂತಕ್ಕೆ ಬೇಕಿಲ್ಲವೆಂದು ಬೆನ್ನು ಹತ್ತಲಿಲ್ಲ.

ನಮಗೆ ಪಾಪ ಅನಿಸುವುದು ಜಿನೀವಾದ ಕೊಲಡಾನ್ ಬಗ್ಗೆ. 1825ರಲ್ಲಿ ಆತ ಸುರುಳಿಯೊಳಗೆ ಬಲವಾದ ಕಾಂತವನ್ನು ತೂರಿಸಿದ. ಕಾಂತ ನೇರವಾಗಿ ಗ್ಯಾಲ್ವನೋಮೀಟರನ್ನು ಎಳೆದೀತು ಎಂದು, ಎಚ್ಚರಿಕೆಯಿಂದ ಅದನ್ನು ಬೇರೆ ಕೋಣೆಯಲ್ಲಿಟ್ಟಿದ್ದ. ಕಾಂತ ತೂರಿಸಿ, ಎದ್ದು ಆ ಕೋಣೆಗೆ ಹೋಗಿ ನೋಡಿದರೆ ಮುಳ್ಳು ಸೊನ್ನೆಯಲ್ಲಿ. ಅದು ಅಲುಗಿದ್ದು ಅವನು ನಡೆಯುತ್ತಿದ್ದಾಗ! ದಡ್ಡನೇನಲ್ಲ ಕೊಲಡಾನ್, ಮರುವರ್ಷ ಜಿನೀವಾ ಸರೋವರದಲ್ಲಿ, ನೀರೊಳಗೆ ಶಬ್ದದ ವೇಗ ಅಳೆದವನು. ಗೆಳೆಯನೊಬ್ಬನನ್ನು ಆ ಕೋಣೆಯಲ್ಲಿ ನಿಲ್ಲಿಸಿದ್ದರೆ ನಮ್ಮ ಟೆಕ್ಸ್ಟ್‌ಬುಕ್ಕಿನ ನಿಯಮಕ್ಕೆ ಬೇರೆ ಹೆಸರಿರುತ್ತಿತ್ತೇನೋ.

ಫ್ಯಾರಡೆ ಕೂಡ ಆ ದಶಕದಲ್ಲಿ ಹಲವು ಸಲ ಸೋತ. 1831ರ ಆಗಸ್ಟ್ 29ರಂದು ಆರು ಇಂಚು ವ್ಯಾಸದ ಕಬ್ಬಿಣದ ಬಳೆಗೆ ಎರಡು ಬದಿಯಲ್ಲಿ ತಂತಿ ಸುತ್ತಿದ. ಒಂದು ಸುರುಳಿಗೆ ಬ್ಯಾಟರಿ; ಇನ್ನೊಂದರ ತಂತಿ ಸುಮಾರು ಮೂರು ಅಡಿ ದೂರದ ಕಾಂತಸೂಜಿಯ ಮೇಲೆ. ಬ್ಯಾಟರಿ ಜೋಡಿಸಿದ ಕೂಡಲೇ ಸೂಜಿ ಅಲುಗಿ ಸುಮ್ಮನಾಯಿತು. ಬಿಡಿಸಿದಾಗ ಮತ್ತೆ ಅಲುಗಿತು. ಅವನೂ ಹುಡುಕುತ್ತಿದ್ದದ್ದು ಒಂದೇ ಸಮನೆ ಹರಿಯುವ ಕರೆಂಟನ್ನೇ. ಸಿಕ್ಕಿದ್ದು ಒಂದು ಕ್ಷಣದ ಅಲುಗಾಟ. ನಾವಾಗಿದ್ದರೆ ಲೂಸ್ ಕನೆಕ್ಷನ್ ಅಂದು ಬಿಟ್ಟುಬಿಡುತ್ತಿದ್ದೆವು. ಅವನು ಆ ಅಲುಗಾಟವೇ ಉತ್ತರವಿರಬಹುದೇ ಎಂದು ಏಳೆಂಟು ವಾರ ಅದರ ಹಿಂದೆ ಬಿದ್ದ. ಅಕ್ಟೋಬರ್ 17ರಂದು ಸುರುಳಿಯೊಳಗೆ ಕಾಂತವನ್ನು ಸರಕ್ಕನೆ ನೂಕಿ ಕರೆಂಟ್ ಕಂಡ. ಕಾಂತ ಇದ್ದರೆ ಸಾಲದು, ಬದಲಾವಣೆ ಆಗುತ್ತಿರಬೇಕು ಎಂಬುದು ಸ್ಪಷ್ಟವಾಯಿತು. ಅದೇ ತಿಂಗಳ 28ರಂದು ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿ ನಿರಂತರ ಕರೆಂಟ್ ಪಡೆದ. ಅದೇ ಮೊದಲ ಜನರೇಟರ್.

ಫ್ಯಾರಡೆಗೆ ಗಣಿತ ಹೆಚ್ಚು ಬರುತ್ತಿರಲಿಲ್ಲ. ಕಬ್ಬಿಣದ ಪುಡಿ ಮೂಡಿಸುವ ಗೆರೆಗಳಲ್ಲೇ ಯೋಚಿಸುತ್ತಿದ್ದ. ಮ್ಯಾಥ್ಸ್‌ನಲ್ಲಿ ಬ್ಯಾಕ್ ಉಳಿಸಿಕೊಂಡ ಗೆಳೆಯರು ಇದನ್ನೇ ನೆಪ ಮಾಡಿಕೊಳ್ಳಬೇಡಿ, ಆ ಗೆರೆಗಳನ್ನು ಸಮೀಕರಣ ಮಾಡಲು ಮ್ಯಾಕ್ಸ್‌ವೆಲ್ ಬರಬೇಕಾಯಿತು.

ಈ ಹಟ ಪ್ರತಿ ಸಲ ಫಲ ಕೊಟ್ಟಿತು ಅಂತಲೂ ಅಲ್ಲ. ಗುರುತ್ವಕ್ಕೂ ವಿದ್ಯುತ್ತಿಗೂ ನಂಟಿರಲೇಬೇಕು ಎಂದು 1849ರಲ್ಲಿ ಪ್ರಯೋಗ ಮಾಡಿದ, ಏನೂ ಸಿಗಲಿಲ್ಲ. ಹತ್ತು ವರ್ಷ ಬಿಟ್ಟು, 67ರ ವಯಸ್ಸಿನಲ್ಲಿ, ಎತ್ತರದ ಗೋಪುರವೊಂದರಲ್ಲಿ ಸೀಸದ ಭಾರವನ್ನು ಏರಿಸಿ ಇಳಿಸಿ ಮತ್ತೆ ನೋಡಿದ. ಆಗಲೂ ಏನೂ ಇಲ್ಲ. ಅದನ್ನೂ ಡೈರಿಯಲ್ಲಿ ಬರೆದಿಟ್ಟ.